ರೈಲ್ವೆಗೆ ಸೇರುವವರಿಗೆ: ಅರ್ಜಿಯಿಂದ ಮೊದಲ ರಾತ್ರಿಪಾಳಿಯವರೆಗೆ

ರೈಲ್ವೆಯಲ್ಲಿ ಕೆಲಸ ಸಿಕ್ಕಿತೆಂಬ ಸುದ್ದಿ ಊರಿಗೆ ಮುಟ್ಟಿದಾಗ ‘ಯಾವ ಕೆಲಸ’ ಎಂದು ಕೇಳುವವರು ಕಡಿಮೆ. ಕೇಂದ್ರ ಸರ್ಕಾರದ ನೌಕರಿ, ಪಾಸು, ಕ್ವಾರ್ಟರ್ಸು, ಆಸ್ಪತ್ರೆ ಎಂದು ಮಾತು ಮುಗಿದುಹೋಗುತ್ತದೆ. ಸುಮಾರು 12 ಲಕ್ಷ ಜನ ದುಡಿಯುವ ಭಾರತೀಯ ರೈಲ್ವೆಯಲ್ಲಿ, ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಬಿಲ್ಲು ನೋಡುವ ಗುಮಾಸ್ತರ ದಿನಕ್ಕೂ, ಸಕಲೇಶಪುರದ ಘಾಟಿಯಲ್ಲಿ ಜುಲೈ ತಿಂಗಳ ಮಳೆಯಲ್ಲಿ ಟಾರ್ಚು ಹಿಡಿದು ಹಳಿ ಕಾಯುವವನ ರಾತ್ರಿಗೂ ಸಂಬಳದ ಚೀಟಿಯ ಮೇಲಿನ ಹೆಸರೊಂದನ್ನು ಬಿಟ್ಟರೆ ಹೋಲಿಕೆಯೇ ಇಲ್ಲ. ನಾನು ನೈರುತ್ಯ ರೈಲ್ವೆಯ ಸಣ್ಣ ದೊಡ್ಡ ನಿಲ್ದಾಣಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸ್ಟೇಷನ್ ಮಾಸ್ಟರ್ ಆಗಿ ಕೆಲಸ ಮಾಡಿದವನು. ಹೊಸದಾಗಿ ಸೇರಬಯಸುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಪರೀಕ್ಷೆಗೆ ಸಂಬಂಧಿಸಿದ್ದು, ಉಳಿದದ್ದು ಸಂಬಳದ್ದು. ಎರಡಕ್ಕೂ ಇಲ್ಲಿ ಉತ್ತರವಿದೆ. ಆದರೆ ಸೇರಿದ ಮೇಲೆ ಬಾಳಬೇಕಾದರೆ ಕಲಿಯಬೇಕಾದ ವಿದ್ಯೆಗಳು ಬೇರೆ ಎರಡಿವೆ: ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ ಮಾಡುವುದು, ಮತ್ತು ಬಾಯಲ್ಲಿ ಆಡಿದ್ದನ್ನೆಲ್ಲ ಕಾಗದಕ್ಕೆ ಇಳಿಸುವುದು.

ಅರ್ಜಿ ಹಾಕುವ ಮೊದಲು

ಪುಸ್ತಕ ಕೊಳ್ಳುವುದಕ್ಕಿಂತ ಮುಂಚೆ ಕಣ್ಣಿನ ಡಾಕ್ಟರ ಬಳಿ ಹೋಗಿ ಬನ್ನಿ. ಎಂಜಿನ್ ಚಾಲಕರ (ಲೋಕೋ ಪೈಲಟ್) ಸಹಾಯಕನಾದ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಎ-1 ಎಂಬ ವೈದ್ಯಕೀಯ ದರ್ಜೆ ಬೇಕು. ಅದರ ಪ್ರಕಾರ ಕನ್ನಡಕವಿಲ್ಲದೆ ಎರಡೂ ಕಣ್ಣಿನ ದೃಷ್ಟಿ 6/6 ಇರಬೇಕು, ಬಣ್ಣದ ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಇಶಿಹಾರ ಪರೀಕ್ಷೆಯಲ್ಲಿ ಎಡವಬಾರದು, ಕನ್ನಡಕ ತಪ್ಪಿಸಿಕೊಳ್ಳಲು ಲೇಸಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಲೂ ಬಾರದು. ಸ್ಟೇಷನ್ ಮಾಸ್ಟರ್ ಹುದ್ದೆಗೆ ಎ-2 ಸಾಕು. ಅಲ್ಲಿ ಕನ್ನಡಕವಿಲ್ಲದೆ 6/9 ಇದ್ದರೆ ನಡೆಯುತ್ತದೆ, ಬಣ್ಣದ ವಿಷಯದಲ್ಲಿ ಮಾತ್ರ ಅಲ್ಲಿಯೂ ರಿಯಾಯಿತಿ ಇಲ್ಲ. ಎರಡು ವರ್ಷ ಕೋಚಿಂಗಿಗೆ ದುಡ್ಡು ಸುರಿದು, ಎಲ್ಲ ಹಂತವನ್ನೂ ದಾಟಿ, ಕೊನೆಗೆ ರೈಲ್ವೆ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಹಸಿರನ್ನೂ ಕೆಂಪನ್ನೂ ಬೇರ್ಪಡಿಸಲಾರದೆ ವಾಪಸಾದವರನ್ನು ನೋಡಿದ್ದೇನೆ. ಅವರಿಗೆ ತಮ್ಮ ಕಣ್ಣಿನಲ್ಲಿ ಅಂಥದ್ದೊಂದು ಕೊರತೆಯಿದೆ ಎಂಬುದೇ ಆ ದಿನದವರೆಗೆ ಗೊತ್ತಿರಲಿಲ್ಲ.

ಎರಡನೆಯದಾಗಿ, ರೈಲ್ವೆಯ ಭೂಪಟವನ್ನು ರಾಜ್ಯದ ಭೂಪಟವೆಂದು ತಿಳಿಯಬೇಡಿ. ನೈರುತ್ಯ ರೈಲ್ವೆ 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಹುಟ್ಟಿತು. ಅದಕ್ಕೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂಬ ಮೂರು ವಿಭಾಗಗಳಿವೆ. ಆದರೆ ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದೆ, ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ, ಕಾರವಾರದಿಂದ ಉಡುಪಿಯವರೆಗಿನ ದಾರಿ ಕೊಂಕಣ ರೈಲ್ವೆ ಎಂಬ ಪ್ರತ್ಯೇಕ ನಿಗಮದ್ದು. ಮಂಗಳೂರಿನ ಹುಡುಗ ಬೆಂಗಳೂರಿನ ರೈಲ್ವೆ ನೇಮಕಾತಿ ಮಂಡಳಿ (ಆರ್‌ಆರ್‌ಬಿ) ಮೂಲಕ ಸೇರಿ, ಮನೆಯ ಹತ್ತಿರದ ಸ್ಟೇಷನ್ ಕೇಳಿದರೆ ಅದು ಬೇರೆ ವಲಯದ ವಿಷಯವಾಗುತ್ತದೆ. ಲೋಕೋ ಪೈಲಟ್ ಪರೀಕ್ಷೆಗಂತೂ ಒಂದೇ ಆರ್‌ಆರ್‌ಬಿಗೆ ಅರ್ಜಿ ಹಾಕಲು ಅವಕಾಶವಿರುವುದರಿಂದ, ಹುದ್ದೆ ಹೆಚ್ಚಿವೆ ಎಂಬ ಒಂದೇ ಕಾರಣಕ್ಕೆ ದೂರದ ಬೋರ್ಡನ್ನು ಆರಿಸಿಕೊಳ್ಳುವ ಮೊದಲು ಹತ್ತು ವರ್ಷ ಅಲ್ಲಿ ಬದುಕಲು ಸಿದ್ಧರಿದ್ದೀರಾ ಎಂದು ಯೋಚಿಸಿ. ವರ್ಗಾವಣೆಯ ಕತೆಯನ್ನು ಮುಂದೆ ಹೇಳುತ್ತೇನೆ, ಅದು ಅಷ್ಟು ಸುಲಭದ್ದಲ್ಲ.

ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಲೋಕೋ ಪೈಲಟ್ ಹುದ್ದೆಗೆ ಮೊದಲ ಸುತ್ತಿನಲ್ಲಿ 60 ನಿಮಿಷಕ್ಕೆ 75 ಪ್ರಶ್ನೆ, ತಪ್ಪು ಉತ್ತರಕ್ಕೆ ಮೂರನೆಯ ಒಂದು ಅಂಕ ಕಡಿತ. ಎರಡನೆಯ ಸುತ್ತು ಎರಡು ಭಾಗದ್ದು. ಆಮೇಲೆ ಸಿಬಿಎಟಿ ಎಂಬ ಸಾಮರ್ಥ್ಯ ಪರೀಕ್ಷೆಯಿದೆ. ಇದರಲ್ಲಿ ವಿಭಾಗವೊಂದರಲ್ಲಿ ಬಿದ್ದರೂ ಹೊರಗೆ, ಯಾವ ವರ್ಗದವರಿಗೂ ಸಡಿಲಿಕೆ ಇಲ್ಲ. ನೆನಪಿನ ಶಕ್ತಿ, ಗಮನ, ಗ್ರಹಿಕೆಯ ವೇಗ ಇವನ್ನು ಅಳೆಯುವ ಆ ಪರೀಕ್ಷೆಯನ್ನು ಗೈಡು ಓದಿ ಗೆಲ್ಲಲಾಗದು; ಮಾದರಿ ಪರೀಕ್ಷೆಗಳನ್ನು ಗಡಿಯಾರ ಇಟ್ಟುಕೊಂಡು ಮಾಡುತ್ತಾ ಕೈ ಪಳಗಿಸಿಕೊಳ್ಳಬೇಕು. ಲೆವೆಲ್ 1ರ ಹುದ್ದೆಗಳಿಗೆ, ಅಂದರೆ ಹಳಿ ನೋಡಿಕೊಳ್ಳುವ ಟ್ರ್ಯಾಕ್ ಮೇಂಟೇನರ್, ನಿಲ್ದಾಣದಲ್ಲಿ ಹಳಿ ತಿರುಗಿಸುವ ಪಾಯಿಂಟ್ಸ್‌ಮನ್ ಮುಂತಾದವಕ್ಕೆ, ದೇಹದ ಪರೀಕ್ಷೆಯಿದೆ. ಗಂಡಸರು 35 ಕಿಲೋ ಭಾರ ಹೊತ್ತು ಎಲ್ಲಿಯೂ ಇಳಿಸದೆ 100 ಮೀಟರನ್ನು 2 ನಿಮಿಷದಲ್ಲಿ ದಾಟಬೇಕು, 1000 ಮೀಟರನ್ನು 4 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು. ಹೆಂಗಸರಿಗೆ ಭಾರ 20 ಕಿಲೋ, ಓಟಕ್ಕೆ 5 ನಿಮಿಷ 40 ಸೆಕೆಂಡು. ಎರಡಕ್ಕೂ ಒಂದೊಂದೇ ಅವಕಾಶ. ಮೂಟೆ ಹೊತ್ತು ಅಭ್ಯಾಸವಿರುವ ರೈತರ ಮಕ್ಕಳಿಗೆ ಭಾರ ಲೆಕ್ಕಕ್ಕಿಲ್ಲ, ಅವರನ್ನು ಕೆಡವುವುದು ಓಟ.

ದುಡ್ಡು ಕೊಟ್ಟರೆ ರೈಲ್ವೆ ಕೆಲಸ ಕೊಡಿಸುತ್ತೇನೆ ಎನ್ನುವವರು ಪ್ರತಿ ತಾಲ್ಲೂಕಿನಲ್ಲೂ ಒಬ್ಬರಿರುತ್ತಾರೆ. ನಕಲಿ ನೇಮಕಾತಿ ಪತ್ರ ಹಿಡಿದು, ಹೊಸ ಬೂಟು ಹಾಕಿಕೊಂಡು, ಡ್ಯೂಟಿಗೆ ಸೇರಲು ಬಂದ ಹುಡುಗನನ್ನು ನಾನೇ ಒಮ್ಮೆ ನನ್ನ ಟೇಬಲ್ಲಿನ ಎದುರು ಕೂರಿಸಿ ನೀರು ಕೊಟ್ಟಿದ್ದೇನೆ. ಅವನ ಅಪ್ಪ ಒಂದು ಎಕರೆ ಮಾರಿದ್ದರಂತೆ. ಆ ಪತ್ರದ ಮೇಲಿನ ಸೀಲು ಅಸಲಿಗಿಂತ ಚೆನ್ನಾಗಿತ್ತು.

ಮೂರು ಕೆಲಸಗಳು, ಮೂರು ಲೋಕಗಳು

ಎಂಜಿನ್ನಿನ ಕೆಲಸ ಫೋನಿನಿಂದ ಶುರುವಾಗುತ್ತದೆ. ಗಾಡಿಯ ಹೊತ್ತಿಗೆ ಸುಮಾರು ಎರಡು ಗಂಟೆ ಮುಂಚೆ ‘ಕಾಲ್’ ಬರುತ್ತದೆ. ಅದು ಬೆಳಗಿನ ಹತ್ತಕ್ಕೂ ಬರಬಹುದು, ನಡುರಾತ್ರಿ ಒಂದೂವರೆಗೂ ಬರಬಹುದು. ಎಂಜಿನ್ ಸಿಬ್ಬಂದಿ ಹಾಜರಿ ಹಾಕುವ ಲಾಬಿಗೆ ಹೋಗಿ ಸೈನ್ ಆನ್ ಮಾಡುವಾಗ ಕೊಳವೆಗೆ ಉಸಿರು ಊದಿ ಕುಡಿದಿಲ್ಲವೆಂದು ತೋರಿಸಬೇಕು, ಎಲ್ಲೆಲ್ಲಿ ವೇಗ ಇಳಿಸಬೇಕೆಂದು ತಿಳಿಸುವ ಕಾಷನ್ ಆರ್ಡರನ್ನು ಓದಿ ಸಹಿ ಮಾಡಬೇಕು, ಎಂಜಿನ್ ಪರೀಕ್ಷಿಸಿಕೊಳ್ಳಬೇಕು. ಗಾಡಿ ಹೊರಟ ಮೇಲೆ ಅಸಿಸ್ಟೆಂಟ್ ಪ್ರತಿ ಸಿಗ್ನಲ್ಲಿನತ್ತ ಕೈ ಚಾಚಿ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು, ಲೋಕೋ ಪೈಲಟ್ ಅದನ್ನೇ ಮರಳಿ ಹೇಳಬೇಕು. ‘ಡಿಸ್ಟಂಟ್ ಡಬಲ್ ಯೆಲ್ಲೊ’ ಎಂದು ಇಬ್ಬರು ವಯಸ್ಕರು ರಾತ್ರಿಯಿಡೀ ಒಬ್ಬರಿಗೊಬ್ಬರು ಕೂಗಿಕೊಳ್ಳುವುದು ಹೊಸಬರಿಗೆ ನಗೆಪಾಟಲಾಗಿ ಕಾಣುತ್ತದೆ. ಕಣ್ಣು ತೆರೆದುಕೊಂಡೇ ಮಿದುಳು ಮಲಗುವ ಒಂದು ಸ್ಥಿತಿಯಿದೆಯೆಂದೂ, ಅದನ್ನು ಮುರಿಯಲು ಸ್ವಂತ ದನಿಯಷ್ಟು ಒಳ್ಳೆಯ ಮದ್ದಿಲ್ಲವೆಂದೂ ಒಂದು ತಿಂಗಳು ಗೂಡ್ಸ್ ಗಾಡಿಯಲ್ಲಿ ಓಡಾಡಿದವರಿಗೆ ತಾನಾಗಿ ಗೊತ್ತಾಗುತ್ತದೆ. ಕೆಂಪು ದೀಪವನ್ನು ಒಂದು ಗಾಲಿಯಷ್ಟು ದಾಟಿದರೂ ಅದು ‘ಸ್ಪ್ಯಾಡ್’, ನೌಕರಿಯೇ ಹೋಗಬಹುದು.

ಹೊಸ ದಾರಿಯಲ್ಲಿ ಗಾಡಿ ನಡೆಸುವ ಮೊದಲು ‘ರೋಡ್ ಲರ್ನಿಂಗ್’ ಎಂದು ಮೂರು ಸಲ ಹೋಗಿಬರಬೇಕು, ಅದರಲ್ಲಿ ಒಂದು ಸಲ ರಾತ್ರಿ. ಇದನ್ನು ಸಹಿಗಾಗಿ ಮಾಡಬೇಡಿ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಾಟಿಯಲ್ಲಿ ಇಳಿಜಾರು 37ಕ್ಕೆ 1; ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಕ್ಕೆ. ಮೇಲೆ ಹತ್ತುವ ಗಾಡಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ನುಗಳು ನೂಕಬೇಕು. ಅಲ್ಲಿ ಬ್ರೇಕನ್ನು ಎಷ್ಟು ಮುಂಚೆ ಹಿಡಿಯಬೇಕೆಂಬುದನ್ನು ಕೈಗೆ ಕಲಿಸಬೇಕೇ ಹೊರತು ಪುಸ್ತಕದಿಂದ ಬರುವುದಿಲ್ಲ. ಹಳೆಯ ಲೋಕೋ ಪೈಲಟ್ ಸಿಕ್ಕಿದರೆ, ಯಾವ ತಿರುವಿನ ಯಾವ ಮರದ ಹತ್ತಿರ ಏನು ಮಾಡುತ್ತಾರೆಂದು ಕೇಳಿ ಸಣ್ಣ ಡೈರಿಯಲ್ಲಿ ಬರೆದುಕೊಳ್ಳಿ. ಎಂಜಿನ್ನಿನಲ್ಲಿ ಶೌಚಾಲಯವಿಲ್ಲದ ಸಂಕಟ ದಶಕಗಳದ್ದು. ಹೊಸ ಎಂಜಿನ್ನುಗಳಲ್ಲಿ ಅದನ್ನು ಅಳವಡಿಸಲು ತೊಡಗಿದ್ದಾರೆ, ಆದರೆ ನಿಮಗೆ ಯಾವ ಎಂಜಿನ್ ಸಿಗುತ್ತದೆಂದು ಯಾರೂ ಹೇಳಲಾರರು. ಈ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಇದನ್ನು ತಿಳಿದೇ ನಿರ್ಧರಿಸಬೇಕು.

ಹಳಿಯ ಕೆಲಸದವರನ್ನು ಈಗ ಟ್ರ್ಯಾಕ್ ಮೇಂಟೇನರ್ ಎನ್ನುತ್ತಾರೆ, ಆದರೆ ಗ್ಯಾಂಗ್‌ಮನ್ ಎಂಬ ಹೆಸರು ಇನ್ನೂ ಹೋಗಿಲ್ಲ. ಪದವಿ ಮುಗಿಸಿ, ಎಂಜಿನಿಯರಿಂಗ್ ಓದಿ ಈ ಕೆಲಸಕ್ಕೆ ಸೇರುವವರು ಈಗ ಬಹಳ. ಅವರಲ್ಲಿ ಅನೇಕರು ಮೊದಲ ಬೇಸಿಗೆಯಲ್ಲಿ ಕುಸಿಯುತ್ತಾರೆ, ಯಾಕೆಂದರೆ ಗಾಡಿಗಳ ನಡುವೆ ಸಿಗುವ ‘ಬ್ಲಾಕ್’ ಅವಧಿಯಲ್ಲೇ ಕೆಲಸ ಮುಗಿಯಬೇಕು, ಬ್ಲಾಕು ಮಧ್ಯಾಹ್ನ ಹನ್ನೆರಡಕ್ಕೆ ಸಿಕ್ಕಿದರೆ ಹನ್ನೆರಡಕ್ಕೇ ಜಲ್ಲಿಯ ಮೇಲೆ ನಿಲ್ಲಬೇಕು. ಒಂದು ಮೀಟರ್ ಹಳಿಯೇ 60 ಕಿಲೋ ತೂಗುತ್ತದೆ. ಗ್ಯಾಂಗಿನಲ್ಲಿ ನಾಲ್ಕಾರು ವರ್ಷ ಪಳಗಿದವರನ್ನು ಕೀಮನ್ ಮಾಡುತ್ತಾರೆ. ಬೆಳಗಿನ ಮಂಜು ಇನ್ನೂ ಹಳಿಯ ಮೇಲಿರುವಾಗಲೇ ಕೀಮನ್ ಸುತ್ತಿಗೆ, ಸ್ಪ್ಯಾನರ್, ಎರಡು ಕೆಂಪು ಬಾವುಟ, ಗಾಲಿಯಡಿ ಸಿಡಿದು ಚಾಲಕನನ್ನು ಎಚ್ಚರಿಸುವ ಪಟಾಕಿಯಂಥ ಡಿಟೊನೇಟರುಗಳು ಇವನ್ನೆಲ್ಲ ಹೆಗಲಿಗೇರಿಸಿ ತನ್ನ ಬೀಟಿನುದ್ದಕ್ಕೂ ನಡೆಯುತ್ತಾನೆ. ಸಡಿಲಾದ ಕ್ಲಿಪ್ಪಿಗೆ ಬಿದ್ದ ಸುತ್ತಿಗೆಯ ಸದ್ದೂ ಬಿಗಿಯಾದ ಕ್ಲಿಪ್ಪಿನ ಸದ್ದೂ ಬೇರೆ ಬೇರೆ. ಅನುಭವಿ ಕೀಮನ್ ನಡೆಯುತ್ತಲೇ ಕಿವಿಯಲ್ಲಿ ಹಳಿ ಪರೀಕ್ಷಿಸುತ್ತಾನೆ. ಚಳಿಗಾಲದಲ್ಲಿ ಹಳಿ ಕುಗ್ಗಿ ಸೀಳುವುದು ಹೆಚ್ಚು. ಸೀಳು ಕಂಡರೆ ಮೊದಲು ಗಾಡಿ ಬರುವ ದಿಕ್ಕಿಗೆ ಓಡಬೇಕು. 600 ಮೀಟರಿನಲ್ಲಿ ಒಂದು ಡಿಟೊನೇಟರ್, 1200 ಮೀಟರಿನಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಇಟ್ಟು, ಬಾವುಟ ಹಿಡಿದು ನಿಲ್ಲಬೇಕು. ಫೋನು ಮಾಡುತ್ತಾ ನಿಂತರೆ ಕೆಟ್ಟಿತು.

ಈ ಕೆಲಸದಲ್ಲಿ ಸಾಯುವವರು ಬಹುತೇಕ ಸಾಯುವುದು ಒಂದೇ ರೀತಿಯಲ್ಲಿ. ಜೋಡಿ ಹಳಿಯಲ್ಲಿ ಒಂದರ ಮೇಲೆ ಗಾಡಿ ಬಂತೆಂದು ಇನ್ನೊಂದರ ಮೇಲೆ ಹೋಗಿ ನಿಲ್ಲುತ್ತಾರೆ, ಮೊದಲ ಗಾಡಿಯ ಸದ್ದಿನಲ್ಲಿ ಎರಡನೆಯ ಗಾಡಿಯ ಸದ್ದು ಮುಳುಗಿಹೋಗುತ್ತದೆ. ಗಾಡಿ ಯಾವ ಹಳಿಯ ಮೇಲೇ ಬರಲಿ, ಎರಡನ್ನೂ ಬಿಟ್ಟು ಹೊರಗೆ ಇಳಿಯಿರಿ. ಗ್ಯಾಂಗಿನ ಮುಖ್ಯಸ್ಥನಾದ ಮೇಟ್ ಬೈದರೂ ಇಳಿಯಿರಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಳಿಯ ಮೇಲೆ ಕಾಲಿಡಬೇಡಿ.

ಸ್ಟೇಷನ್ ಮಾಸ್ಟರ್ ಕೆಲಸ ನನ್ನದೇ ಆದ್ದರಿಂದ ಅದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹೊರಗಿನವರಿಗೆ ಕಾಣುವುದು ಬಿಳಿ ಅಂಗಿ, ಹಸಿರು ಬಾವುಟ. ಒಳಗಿನ ಕೆಲಸ, ಎರಡು ನಿಲ್ದಾಣಗಳ ನಡುವಿನ ಒಂದು ಹಳಿಯ ಮೇಲೆ ಒಂದು ಹೊತ್ತಿಗೆ ಒಂದೇ ಗಾಡಿ ಇರುವಂತೆ ನೋಡಿಕೊಳ್ಳುವುದು. ಮುಂದಿನ ನಿಲ್ದಾಣದವರು ‘ಲೈನ್ ಕ್ಲಿಯರ್’ ಕೊಡದೆ ಗಾಡಿ ಬಿಡುವಂತಿಲ್ಲ. ದೂರದ ಗೇಟನ್ನು ಮುಚ್ಚಿದ್ದೇನೆಂದು ಗೇಟ್‌ಮನ್ ಫೋನಿನಲ್ಲಿ ಹೇಳಿದರೆ ಸಾಲದು, ಖಾತ್ರಿಗೆ ಅವನ ಹಾಳೆಯಲ್ಲಿರುವ ಎರಡಂಕಿಯ ‘ಪ್ರೈವೇಟ್ ನಂಬರ್’ ಹೇಳಬೇಕು, ಹೇಳಿದ ನಂಬರನ್ನು ಅವನು ಹೊಡೆದುಹಾಕಬೇಕು, ನಾನು ನನ್ನ ರಿಜಿಸ್ಟರಿನಲ್ಲಿ ಗಳಿಗೆಯ ಸಮೇತ ಬರೆಯಬೇಕು. ಪಕ್ಕದ ಫೋನಿನಲ್ಲಿ, ಗಾಡಿಗಳ ಓಟವನ್ನು ದೂರದಿಂದ ನಿಯಂತ್ರಿಸುವ ಕಂಟ್ರೋಲರ್ ಕೂಗುತ್ತಿರುತ್ತಾರೆ, ಕಿಟಕಿಯಲ್ಲಿ ಒಬ್ಬರು ‘ಸಾರ್, ಪ್ಯಾಸೆಂಜರ್ ಎಷ್ಟು ಲೇಟು’ ಎಂದು ಮೂರನೆಯ ಸಲ ಕೇಳುತ್ತಿರುತ್ತಾರೆ. ಇದೆಲ್ಲದರ ನಡುವೆ ಕೈ ತಪ್ಪಬಾರದು.

ಲೆಕ್ಕಪತ್ರ, ಸಿಬ್ಬಂದಿ ಶಾಖೆ ಇವುಗಳಲ್ಲಿ ಹಗಲಿನ ಬದುಕು ಉಳ್ಳವರು ಹೆಚ್ಚು. ಮೈಸೂರು ಮತ್ತು ಹುಬ್ಬಳ್ಳಿಯ ವರ್ಕ್‌ಶಾಪುಗಳಲ್ಲಿ, ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ಸೈರನ್ನಿಗೆ ಹೋಗಿ ಸೈರನ್ನಿಗೆ ಬರುವ ಕೆಲಸಗಳೂ ಇವೆ. ಐಟಿಐ ಮಾಡಿದವರಿಗೆ ರಾತ್ರಿಪಾಳಿ ಒಗ್ಗದಿದ್ದರೆ ಆ ಕಡೆ ನೋಡುವುದು ಒಳ್ಳೆಯದು.

ನಿದ್ದೆಯ ವಿದ್ಯೆ

ಕಾನೂನಿನಲ್ಲಿ ವಿರಾಮಕ್ಕೆ ಕೊರತೆಯಿಲ್ಲ. 2005ರ ಕೆಲಸದ ಅವಧಿ ಮತ್ತು ವಿಶ್ರಾಂತಿ ನಿಯಮಗಳು ನೌಕರರನ್ನು ಇಂಟೆನ್ಸಿವ್ (ಬಿಡುವಿಲ್ಲದ), ಕಂಟಿನ್ಯುಯಸ್ (ಸಾಮಾನ್ಯ), ಎಸೆನ್ಷಿಯಲಿ ಇಂಟರ್‌ಮಿಟೆಂಟ್ (ನಡುನಡುವೆ ಬಿಡುವಿರುವ), ಎಕ್ಸ್‌ಕ್ಲೂಡೆಡ್ (ಈ ಮಿತಿಗಳ ಹೊರಗಿನ) ಎಂದು ನಾಲ್ಕಾಗಿ ವಿಂಗಡಿಸಿವೆ. ಬಿಡುವಿಲ್ಲದ ನಿಲ್ದಾಣದಲ್ಲಿ ಆರು ಗಂಟೆಯ ಪಾಳಿ, ಸಾಮಾನ್ಯ ನಿಲ್ದಾಣದಲ್ಲಿ ಎಂಟು, ಗಾಡಿ ಕಡಿಮೆಯಿರುವ ಕಡೆ ಹನ್ನೆರಡು. ಎಂಜಿನ್ ಸಿಬ್ಬಂದಿಗೆ ಎರಡು ವಾರಕ್ಕೆ 104 ಗಂಟೆ. ಎಂಟು ಗಂಟೆ ಅಥವಾ ಹೆಚ್ಚು ದುಡಿದು ತಮ್ಮ ಮೂಲ ನಿಲ್ದಾಣವಾದ ಹೆಡ್‌ಕ್ವಾರ್ಟರಿಗೆ ಮರಳಿದರೆ 16 ಗಂಟೆ ವಿಶ್ರಾಂತಿ, ಹೊರ ಊರಿನಲ್ಲಿ ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲಾದರೆ 8 ಗಂಟೆ. ಇದಲ್ಲದೆ ತಿಂಗಳಿಗೆ 30 ಗಂಟೆಯ ನಾಲ್ಕು ಅಥವಾ 22 ಗಂಟೆಯ ಐದು ಸರದಿ ವಿಶ್ರಾಂತಿ. ಆ 16 ಗಂಟೆ ಈ 30ರ ಒಳಗೋ ಹೊರಗೋ ಎಂಬ ಬಗ್ಗೆ ಲೋಕೋ ಪೈಲಟ್‌ಗಳಿಗೂ ಆಡಳಿತಕ್ಕೂ ತಕರಾರು ಬಹಳ ಕಾಲದ್ದು. ನನ್ನನ್ನು ಕೇಳಿದರೆ, 16 ಬೇರೆ 30 ಬೇರೆ ಎಂಬ ಲೋಕೋ ಪೈಲಟ್‌ಗಳ ವಾದದಲ್ಲಿ ನ್ಯಾಯವಿದೆ. ಹಗಲು ಹತ್ತರಿಂದ ರಾತ್ರಿ ಎರಡರವರೆಗೆ ಸಿಕ್ಕ ಹದಿನಾರು ಗಂಟೆಯಲ್ಲಿ ಬ್ಯಾಂಕು, ಮಕ್ಕಳ ಶಾಲೆ, ಗ್ಯಾಸು, ಊಟ ಎಲ್ಲ ಕಳೆದರೆ ಮಲಗಲು ಉಳಿಯುವುದು ಎಷ್ಟೆಂದು ಲೆಕ್ಕ ಹಾಕಿ.

ಆದ್ದರಿಂದ ನಿದ್ದೆಯನ್ನು ಕೆಲಸದ ಭಾಗವೆಂದೇ ಎಣಿಸಿ. ರಾತ್ರಿಪಾಳಿ ಮುಗಿಸಿ ಬಂದ ಕೂಡಲೇ ಕಾಫಿ ಕುಡಿಯಬೇಡಿ. ಎರಡು ಇಡ್ಲಿಯನ್ನೋ ಮೊಸರನ್ನವನ್ನೋ ತಿಂದು, ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ಹನ್ನೊಂದರೊಳಗೆ ಮಲಗಿಬಿಡಿ. ಮನೆಯವರಿಗೆ ಇದನ್ನು ಮದುವೆಯ ಮುಂಚೆಯೇ ಹೇಳಿ. ಹಗಲು ಮಲಗಿದವನನ್ನು ಸೋಮಾರಿಯೆಂದು ಕಾಣುವ ನಮ್ಮ ಕಡೆಯ ಮನೆಗಳಲ್ಲಿ, ಅತ್ತೆ ಬಂದರೆಂದು, ಪೇಪರಿನವನು ದುಡ್ಡು ಕೇಳಿದನೆಂದು ಎಬ್ಬಿಸುವುದು ನಿಲ್ಲಲು ನನಗೆ ಎರಡು ವರ್ಷ ಹಿಡಿಯಿತು. ಪಾಳಿಗೆ ಹೋಗುವ ಮುಂಚೆ ಸಂಜೆ ಒಂದೂವರೆ ಗಂಟೆ ಒರಗಿದರೆ ಬೆಳಗಿನ ಮೂರರಿಂದ ಐದರವರೆಗಿನ ಹೊತ್ತನ್ನು ಗೆಲ್ಲಬಹುದು. ರೈಲ್ವೆಯ ಕೆಟ್ಟ ಹೊತ್ತು ಅದೇ.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೂರನೆಯ ತಿಂಗಳು, ಒಂದು ಸಣ್ಣ ನಿಲ್ದಾಣ, ಸತತ ನಾಲ್ಕನೆಯ ರಾತ್ರಿ. ಹಗಲು ಹೆಂಡತಿಯ ಕಡೆಯ ಮದುವೆಗೆ ಹೋಗಿ ಬಂದಿದ್ದೆ. ಬೆಳಗಿನ 3-40ಕ್ಕೆ ಗೇಟ್‌ಮನ್ ಪ್ರೈವೇಟ್ ನಂಬರ್ ಮೂವತ್ತೇಳು ಎಂದ. ನಾನು ಮೂವತ್ತೇಳು ಎಂದು ಮರಳಿ ಹೇಳಿ, ಎಪ್ಪತ್ತಮೂರು ಎಂದು ಬರೆದೆ. ಗೇಟು ಮುಚ್ಚಿತ್ತು, ಗಾಡಿ ಹೋಯಿತು, ಯಾರಿಗೂ ಏನೂ ಆಗಲಿಲ್ಲ. ವಾರದ ಮೇಲೆ ಟ್ರಾಫಿಕ್ ಇನ್‌ಸ್ಪೆಕ್ಟರ್ ಗೇಟಿನ ರಿಜಿಸ್ಟರನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟು, ಬೆರಳಿಟ್ಟು ತೋರಿಸಿ, ‘ಗಾಡಿ ಬಿದ್ದಿದ್ದರೆ ಈ ಎರಡಂಕಿಯ ಮೇಲೆ ನಿನ್ನ ಇಡೀ ಜೀವನ ನಿಲ್ಲುತ್ತಿತ್ತು’ ಎಂದರು. ಬೈಯಲಿಲ್ಲ. ಅಂದಿನಿಂದ ಫೋನು ಕಿವಿಯಲ್ಲಿರುವಾಗಲೇ ಮೊದಲು ಬರೆದು, ಬರೆದದ್ದನ್ನು ನೋಡಿಕೊಂಡು ಮರಳಿ ಹೇಳುತ್ತೇನೆ. ನೀವೂ ಹಾಗೇ ಮಾಡಿ. ಕೇಳಿದ್ದನ್ನು ಹೇಳಬೇಡಿ, ಬರೆದದ್ದನ್ನು ಹೇಳಿ.

ಬರೆದದ್ದೇ ಸಾಕ್ಷಿ

ರೈಲ್ವೆಯಲ್ಲಿ ಅತಿ ಅಪಾಯದ ವಾಕ್ಯ ‘ಐದು ನಿಮಿಷದ ಕೆಲಸ ಸಾರ್’ ಎಂಬುದು. ಸಿಗ್ನಲ್ ಮೇಂಟೇನರ್ ನಿಮ್ಮ ಜೊತೆ ದಿನವೂ ಟೀ ಕುಡಿಯುವ ಗೆಳೆಯನೇ ಇರಬಹುದು. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟಿನ ಮೋಟರು ಮುಟ್ಟುವ ಮೊದಲು, ಅದನ್ನು ಬಳಕೆಯಿಂದ ತೆಗೆದಿದೆ ಎನ್ನುವ ಟಿ/351 ಎಂಬ ಡಿಸ್‌ಕನೆಕ್ಷನ್ ಮೆಮೊವನ್ನು ಅವನು ಕೊಡಬೇಕು, ನೀವು ಅದಕ್ಕೆ ಸಹಿ ಹಾಕಬೇಕು, ಕೆಲಸ ಮುಗಿದ ಮೇಲೆ ಪರೀಕ್ಷಿಸಿ ರೀಕನೆಕ್ಷನ್ ತೆಗೆದುಕೊಳ್ಳಬೇಕು. ಮೆಮೊ ಬರೆದರೆ ಗಾಡಿಗಳು ತಡವಾಗುತ್ತವೆ, ತಡವಾದರೆ ಕಂಟ್ರೋಲಿನಿಂದ ಮಾತು ಕೇಳಬೇಕಾಗುತ್ತದೆ, ಆದ್ದರಿಂದ ಎಲ್ಲರಿಗೂ ಬಾಯಿಮಾತೇ ಸುಲಭ. 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಮೇನ್ ಲೈನಿಗೆ ಹೋಗಬೇಕಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ನಿಲ್ದಾಣದ ಪಕ್ಕದ ಹಳಿಯಾದ ಲೂಪ್ ಲೈನಿಗೆ ತಿರುಗಿ, ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿ, 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯಲ್ಲಿ ಸಿಗ್ನಲ್ ಸರ್ಕ್ಯೂಟಿನ ಬದಲಾವಣೆಯಲ್ಲಿ ಆದ ಲೋಪಗಳೇ ಕಾರಣವೆಂದು ಬಂತು. ಆ ಸುದ್ದಿ ಬಂದ ರಾತ್ರಿ ಡ್ಯೂಟಿಯಲ್ಲಿದ್ದ ಪ್ರತಿಯೊಬ್ಬ ಸ್ಟೇಷನ್ ಮಾಸ್ಟರೂ ತಾನು ಮೆಮೊ ಇಲ್ಲದೆ ಬಿಟ್ಟ ಯಾವುದೋ ಒಂದು ‘ಐದು ನಿಮಿಷ’ವನ್ನು ನೆನೆದಿರುತ್ತಾನೆ ಎಂದು ನನ್ನ ನಂಬಿಕೆ.

ಮೇಲಿನವರು ಬಾಯಲ್ಲಿ ಆದೇಶ ಕೊಟ್ಟರೆ ಒರಟಾಗಿ ಎದುರಾಡಬೇಕಿಲ್ಲ. ‘ಆಯ್ತು ಸಾರ್, ಡೈರಿಯಲ್ಲಿ ಬರೆದುಕೊಳ್ಳುತ್ತೇನೆ, ನಿಮ್ಮ ಹೆಸರು, ಟೈಮು ಹೇಳಿ’ ಎಂದರೆ ಸಾಕು. ನಿಯಮಕ್ಕೆ ಸರಿಯಾದ ಆದೇಶವಾದರೆ ಅವರು ಹೆಸರು ಹೇಳುತ್ತಾರೆ, ಅಲ್ಲದಿದ್ದರೆ ಆದೇಶವೇ ಕರಗಿಹೋಗುತ್ತದೆ. ರಿಜಿಸ್ಟರಿನಲ್ಲಿ ತಪ್ಪಾದರೆ ಅಂಕಿಯ ಮೇಲೆ ಅಂಕಿ ತಿದ್ದಬೇಡಿ. ಓದಲು ಬರುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ. ತಿದ್ದಿದ ಅಂಕಿಗಿಂತ ಒಪ್ಪಿಕೊಂಡ ತಪ್ಪು ಯಾವಾಗಲೂ ಕಡಿಮೆ ಅಪಾಯದ್ದು.

ಎಷ್ಟೇ ಎಚ್ಚರವಿದ್ದರೂ ಸರ್ವೀಸಿನಲ್ಲಿ ಒಂದಾದರೂ ಚಾರ್ಜ್‌ಶೀಟು ಬಂದೇ ಬರುತ್ತದೆ. 1968ರ ಶಿಸ್ತು ಮತ್ತು ಮೇಲ್ಮನವಿ ನಿಯಮಗಳಲ್ಲಿ ಸಣ್ಣ ದಂಡನೆಗೆ ಎಸ್‌ಎಫ್-11, ದೊಡ್ಡದಕ್ಕೆ ಎಸ್‌ಎಫ್-5. ಉತ್ತರಿಸಲು ಹತ್ತು ದಿನ ಇರುತ್ತದೆ. ಕೈಗೆ ಬಂದ ದಿನವೇ ಕೋಪದಲ್ಲಿ ಉತ್ತರ ಬರೆಯಬೇಡಿ, ಹತ್ತನೆಯ ದಿನದವರೆಗೆ ಕಾಯಲೂ ಬೇಡಿ. ಆರೋಪದಲ್ಲಿ ಹೇಳಿರುವ ದಾಖಲೆಗಳ ಪ್ರತಿ ಕೇಳಿ. ದೊಡ್ಡ ವಿಚಾರಣೆಯಾದರೆ ಅನುಭವಿ ನೌಕರರೊಬ್ಬರನ್ನೋ ಯೂನಿಯನ್ನಿನವರನ್ನೋ ಸಹಾಯಕ್ಕೆ ಇಟ್ಟುಕೊಳ್ಳುವ ಹಕ್ಕು ನಿಮಗಿದೆ. ದಂಡನೆಯಾದರೆ ಮೇಲ್ಮನವಿಗೆ 45 ದಿನ. ಮೈ ಸರಿಯಿಲ್ಲದಿದ್ದರೆ ಫೋನು ಆಫ್ ಮಾಡಿ ಮಲಗುವುದು ಎಲ್ಲಕ್ಕಿಂತ ದೊಡ್ಡ ಪೆದ್ದುತನ. ಸಿಕ್ ಮೆಮೊ ಪಡೆದು ರೈಲ್ವೆ ಡಾಕ್ಟರಿಗೆ ತೋರಿಸಿ, ಮರಳುವಾಗ ಫಿಟ್ ಸರ್ಟಿಫಿಕೇಟ್ ತಂದರೆ ಯಾರೂ ಏನೂ ಅನ್ನಲಾರರು.

ಸಂಬಳ, ಪಾಸು, ವರ್ಗಾವಣೆ

ಏಳನೆಯ ವೇತನ ಆಯೋಗದ ಲೆಕ್ಕದಲ್ಲಿ ಟ್ರ್ಯಾಕ್ ಮೇಂಟೇನರ್‌ಗೆ ಆರಂಭದ ಮೂಲ ವೇತನ 18,000 ರೂಪಾಯಿ, ಅಸಿಸ್ಟೆಂಟ್ ಲೋಕೋ ಪೈಲಟ್‌ಗೆ 19,900, ಸ್ಟೇಷನ್ ಮಾಸ್ಟರ್‌ಗೂ ಜೂನಿಯರ್ ಎಂಜಿನಿಯರ್‌ಗೂ 35,400. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರುತ್ತವೆ. ಎಂಜಿನ್ ಸಿಬ್ಬಂದಿಗೆ ಓಡಿದ ಕಿಲೋಮೀಟರಿಗೆ ತಕ್ಕಂತೆ ಪ್ರತ್ಯೇಕ ಭತ್ಯೆಯಿದೆ. 19,900 ನೋಡಿ ಮೂಗು ಮುರಿಯುವವರಿಗೆ ಇದು ಗೊತ್ತಿರುವುದಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ದುಡಿಮೆಗೆ ನೈಟ್ ಡ್ಯೂಟಿ ಭತ್ಯೆ ಇದೆ. ಆದರೆ 2020ರ ಆದೇಶ ಅದಕ್ಕೆ 43,600 ರೂಪಾಯಿ ಮೂಲ ವೇತನದ ಮಿತಿ ಹಾಕಿತು. 35,400ಕ್ಕೆ ಸೇರಿದ ಸ್ಟೇಷನ್ ಮಾಸ್ಟರ್ ಬಡ್ತಿಯೇ ಇಲ್ಲದೆ ಎಂಟನೆಯ ಇನ್‌ಕ್ರಿಮೆಂಟಿಗೆ ಆ ಗೆರೆ ದಾಟುತ್ತಾನೆ, ರಾತ್ರಿಗಳು ಮಾತ್ರ ಹಾಗೇ ಉಳಿಯುತ್ತವೆ. ದಸರೆಯ ಹೊತ್ತಿಗೆ 78 ದಿನದ ಬೋನಸ್ ಎಂದು ಪತ್ರಿಕೆಯಲ್ಲಿ ಬಂದಾಗ ನೆಂಟರು ಎರಡೂವರೆ ತಿಂಗಳ ಸಂಬಳವೆಂದುಕೊಳ್ಳುತ್ತಾರೆ. ತಿಂಗಳಿಗೆ 7,000 ಎಂಬ ಮಿತಿಯ ಮೇಲೆ ಲೆಕ್ಕವಾಗುವುದರಿಂದ ಕೈಗೆ ಬರುವುದು 17,951 ರೂಪಾಯಿ. ಅದಾದರೂ ಸುಮ್ಮನೆ ಬಂದದ್ದಲ್ಲ. ಎಂಟು ಗಂಟೆಯ ಕೆಲಸ ಮತ್ತು ಬೋನಸ್ ಮುಖ್ಯ ಬೇಡಿಕೆಗಳಾಗಿದ್ದ 1974ರ ಮೇ ತಿಂಗಳ ಮುಷ್ಕರವನ್ನು ನಡೆಸಿದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಬೋನಸ್ ಕೈಗೆ ಬರಲು ಮುಷ್ಕರದ ಮೇಲೆ ಇನ್ನೂ ಐದು ವರ್ಷ ಬೇಕಾಯಿತು.

ಉಚಿತ ಪ್ರಯಾಣದ ಪಾಸು ಮೊದಲ ಐದು ವರ್ಷ ವರ್ಷಕ್ಕೆ ಒಂದು ಸೆಟ್ (ಹೋಗಿ ಬರಲು) ಮಾತ್ರ, ಆಮೇಲೆ ಹುದ್ದೆಗೆ ತಕ್ಕಂತೆ ಹೆಚ್ಚುತ್ತದೆ. ಮೂರನೆಯ ಒಂದು ಪಾಲು ದರದಲ್ಲಿ ಪ್ರಯಾಣಿಸುವ ಪಿಟಿಒ ಬೇರೆ ಇದೆ. ಪಾಸು ಇದ್ದರೂ ರಜೆ ಸಿಗಬೇಕಲ್ಲ; ಯುಗಾದಿಗೆ, ದೀಪಾವಳಿಗೆ ಗಾಡಿ ಹೆಚ್ಚಾಗುತ್ತವೆ, ರಜೆ ಕಡಿಮೆಯಾಗುತ್ತದೆ. ಹಬ್ಬದ ದಿನ ಬಿಟ್ಟು ಮುಂದಿನ ವಾರ ಕೇಳಿ, ಕೊಡುತ್ತಾರೆ. ಪಿಂಚಣಿಯ ವಿಷಯದಲ್ಲಿ, 2004ರ ಜನವರಿ 1ರಿಂದ ಈಚೆಗೆ ಸೇರಿದವರಿಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ); 2025ರ ಏಪ್ರಿಲ್‌ನಿಂದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಎಂಬ ಆಯ್ಕೆಯೂ ಬಂದಿದೆ. ಯಾವುದನ್ನು ಆರಿಸಬೇಕೆಂದು ಸಹೋದ್ಯೋಗಿಯನ್ನು ಕೇಳುವ ಬದಲು ನಿಮ್ಮ ಸೇವಾವಧಿ ಹಿಡಿದು ನೀವೇ ಲೆಕ್ಕ ಮಾಡಿ.

ಸ್ವಂತ ಕೋರಿಕೆಯ ಮೇಲೆ ಬೇರೆ ವಲಯಕ್ಕೆ ಹೋದರೆ ಅಲ್ಲಿನ ಸೀನಿಯಾರಿಟಿ ಪಟ್ಟಿಯಲ್ಲಿ ಕೊನೆಯವರಾಗುತ್ತೀರಿ. ನಿಮ್ಮ ಊರಿನವನು ಅಲ್ಲಿ, ಅವನ ಊರಿನವನು ಇಲ್ಲಿ ಎಂಬ ಮ್ಯೂಚುವಲ್ ವರ್ಗಾವಣೆಯಲ್ಲಿ ನಷ್ಟ ಕಡಿಮೆ, ಆದರೆ ಜೋಡಿ ಸಿಗುವುದು ಹೆಣ್ಣು ಗಂಡು ಕೂಡಿಸಿದಷ್ಟೇ ಕಷ್ಟ. ಊರಿಗೆ ಬರಲೇಬೇಕೆಂದಿದ್ದರೆ ಬಡ್ತಿಗೆ ಮುಂಚೆ, ಆದಷ್ಟು ಬೇಗ ಅರ್ಜಿ ಹಾಕಿ. ಹದಿನೈದು ವರ್ಷದ ಹಿರಿತನವನ್ನು ಬಿಟ್ಟು ಬರುವಾಗ ಮನಸ್ಸು ಬಾರದೆ ಅಲ್ಲಿಯೇ ಉಳಿದವರು ಬಹಳ.

ಮೊದಲ ರಾತ್ರಿಪಾಳಿಗೆ ಹೋಗುವಾಗ ಅರ್ಧ ಗಂಟೆ ಮುಂಚೆ ತಲುಪಿ. ಎರಡು ಪೆನ್ನು, ಹೊಸ ಬ್ಯಾಟರಿಯ ಟಾರ್ಚು, ಒಂದು ಸ್ವೆಟರು, ಹೊಟ್ಟೆ ಭಾರವಾಗದ ಬುತ್ತಿ ಇರಲಿ. ಹಿಂದಿನ ಪಾಳಿಯವರು ‘ಎಲ್ಲ ಸರಿಯಿದೆ, ಸಹಿ ಹಾಕು’ ಎಂದು ಬ್ಯಾಗು ಹೆಗಲಿಗೇರಿಸಿಕೊಂಡು ನಿಂತಿರುತ್ತಾರೆ. ಅವರಿಗೆ ಮನೆಗೆ ಹೋಗುವ ಗಾಡಿ ಹಿಡಿಯಬೇಕಿರುತ್ತದೆ. ನೀವು ಕೂತು ಕೊನೆಯ ಎರಡು ಪುಟ ಓದಿ. ಯಾವ ಲೈನಿನಲ್ಲಿ ಏನು ನಿಂತಿದೆಯೆಂದು ಬಾಗಿಲ ಹೊರಗೆ ಹೋಗಿ ಕಣ್ಣಾರೆ ನೋಡಿ ಬನ್ನಿ, ಹಳಿ, ಸಿಗ್ನಲ್ಲುಗಳ ಸ್ಥಿತಿ ತೋರಿಸುವ ಪ್ಯಾನೆಲ್ಲಿನಲ್ಲಿ ಕಂಡದ್ದಕ್ಕೂ ಪುಸ್ತಕದಲ್ಲಿರುವುದಕ್ಕೂ ತಾಳೆ ನೋಡಿ. ಅವರು ಗೊಣಗುತ್ತಾರೆ, ಗೊಣಗಲಿ. ಆಮೇಲೆ ಸಹಿ ಹಾಕಿ, ಪಕ್ಕದಲ್ಲಿ ಗಂಟೆ ನಿಮಿಷ ಬರೆಯಿರಿ.